ಅಡುಗೆಮನೆ ಮಹಾರಾಜರದು, ಜಗಲಿ ದಂಡಿನದು

ನಾನು ಹುಟ್ಟಿ ಬೆಳೆದ ಮನೆಯ ಅಡುಗೆಮನೆ ಮೈಸೂರು ಮಹಾರಾಜರಿಗೆ ಸೇರಿತ್ತು. ನಡುಮನೆಯೂ ಜಗಲಿಯೂ ಇಂಗ್ಲಿಷರಿಗೆ ಸೇರಿದ್ದವು. ಹೀಗೆಂದರೆ ಈಗಿನ ಮಕ್ಕಳು ಅಜ್ಜಿ ಕಥೆ ಕಟ್ಟುತ್ತಿದ್ದಾಳೆ ಎಂದು ನಗುತ್ತಾರೆ. ನಗಲಿ, ನನಗೂ ನಗು ಬರುತ್ತದೆ. ಮೊನ್ನೆ ನನ್ನ ಮೊಮ್ಮಗಳು ಶಾಲೆಯಿಂದ ಮುಖ ಊದಿಸಿಕೊಂಡು ಬಂದಳು. ಸ್ವಾತಂತ್ರ್ಯಕ್ಕೆ ಮುಂಚೆ ಬೆಂಗಳೂರನ್ನು ಆಳುತ್ತಿದ್ದವರು ಯಾರು ಎಂದು ಟೀಚರು ಕೇಳಿದರಂತೆ. ಇವಳು ಮಹಾರಾಜರು ಅಂದಳಂತೆ, ಪಕ್ಕದಲ್ಲಿ ಕೂರುವ ಹುಡುಗಿ ಬ್ರಿಟಿಷರು ಅಂದಳಂತೆ, ಇಬ್ಬರಿಗೂ ಮಾತು ಬೆಳೆದು ಜಡೆ ಹಿಡಿದು ಎಳೆದಾಡಿಕೊಂಡರಂತೆ. ನಾನು ಕೂತಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. ಇಬ್ಬರೂ ಸರಿ ಕಣೇ, ನಮ್ಮ ಒಂದು ಮನೆಯೊಳಗೇ ಅವರಿಬ್ಬರೂ ಇದ್ದರು ಅಂದೆ. ಅವಳು ನಂಬಲಿಲ್ಲ. ಅವತ್ತಿನಿಂದ ನನಗೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಅಷ್ಟು ಸಂತೋಷ. ಒಳಗಿದ್ದದ್ದೆಲ್ಲ ಉಕ್ಕಿ ಬರುತ್ತಿದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅಕ್ಷರ ಸೊಟ್ಟಗಿರುತ್ತವೆ. ಆದರೆ ಆ ಮನೆ ನನ್ನ ಕಣ್ಣಲ್ಲಿ ಇನ್ನೂ ನೆಟ್ಟಗೆ ನಿಂತಿದೆ.

ಈಗ ಇಂದಿರಾನಗರ ಎನ್ನುತ್ತಾರಲ್ಲ, ಜನ ಕಾಫಿ ಕುಡಿಯಲು ಸಾಲಿನಲ್ಲಿ ನಿಲ್ಲುವ ಜಾಗ, ಆಗ ಅಲ್ಲಿ ನಮ್ಮ ಮೂಲಂಗಿ ಮಡಿಗಳಿದ್ದವು. ಹಲಸೂರು ಮುಗಿದು ಬಿನ್ನಮಂಗಲ ಶುರುವಾಗುವ ಕಡೆ ಒಂಟಿ ಮನೆ. ಮನೆ ಪಡುವಣಕ್ಕೆ ಮುಖ ಮಾಡಿತ್ತು. ಮುಂದೆ ಅಂಗಳ, ಅಂಗಳದಾಚೆ ಹಲಸೂರಿಗೆ ಹೋಗುವ ಮಣ್ಣುದಾರಿ. ಅಂಗಳದಿಂದ ಒಂದು ಚಪ್ಪಡಿ ಮೆಟ್ಟಿಲು ಹತ್ತಿದರೆ ಜಗಲಿ, ಜಗಲಿ ದಾಟಿದರೆ ನಡುಮನೆ, ನಡುಮನೆಯಿಂದ ಎತ್ತರದ ಹೊಸ್ತಿಲು ದಾಟಿದರೆ ಅಡುಗೆಮನೆ. ಅಡುಗೆಮನೆಯ ಮೂಲೆಯಲ್ಲಿ ಆಳೆತ್ತರದ ಮಣ್ಣಿನ ವಾಡೆ. ನಮ್ಮ ಕಾಳು ತುಂಬುತ್ತಿದ್ದದ್ದು ಅದರಲ್ಲೇ. ಅಲ್ಲೇ ಕೂತು ಮಣ್ಣು ಮೆತ್ತಿ ಮಾಡಿದ್ದ ವಾಡೆ, ಬಾಗಿಲಿಗಿಂತ ದಪ್ಪ, ಆಚೆ ತರುವ ಮಾತೇ ಇಲ್ಲ. ಹಿಂಬಾಗಿಲು ತೆಗೆದರೆ ಹಿತ್ತಲು, ಬಾವಿ, ಬಾವಿಯ ಪಕ್ಕ ನಾವು ಪೂಜಿಸುತ್ತಿದ್ದ ಕಲ್ಲು, ನಮ್ಮ ಕಲ್ಲಮ್ಮ, ಅದರಾಚೆ ತೋಟ. ತೋಟ ಇಳಿದರೆ ಕೆರೆಯ ಕೆಳಗೆ ನಮ್ಮದೊಂದು ತುಂಡು ಗದ್ದೆ. ಪಡುವಣಕ್ಕೆ ದಂಡು, ಅಂದರೆ ಇಂಗ್ಲಿಷರ ಸೈನ್ಯದ ಊರು. ಮೂಡಣಕ್ಕೆ ಮಹಾರಾಜರ ಸೀಮೆ. ನಡುವೆ ಗಡಿ ಎಲ್ಲಿ ಎಂದು ಕೇಳಿದರೆ ನಮ್ಮ ಮನೆಯಲ್ಲಿ ಹಾಲುಗಲ್ಲದ ಮಗುವೂ ಅಡುಗೆಮನೆಯ ಹೊಸ್ತಿಲನ್ನು ತೋರಿಸುತ್ತಿತ್ತು. ಯಾರು ಹೇಳಿದ್ದು, ಯಾರು ಅಳೆದದ್ದು, ಯಾರಿಗೂ ಗೊತ್ತಿರಲಿಲ್ಲ. ಕೇಳಬೇಕೆಂದೂ ಯಾರಿಗೂ ಅನ್ನಿಸಿರಲಿಲ್ಲ.

ಆ ಹೊಸ್ತಿಲಿನ ಮೇಲೆ ನಾವು ಬದುಕಿದ ಬದುಕು! ನಾನು ಹುಟ್ಟಿದ್ದು ಅಡುಗೆಮನೆಯ ಮೂಲೆಯಲ್ಲಿ, ಹಾಗಾಗಿ ನಾನು ಮಹಾರಾಜರ ಪ್ರಜೆ. ನನಗಿಂತ ಒಂಬತ್ತು ವರ್ಷ ದೊಡ್ಡವಳಾದ ಲಚ್ಚಕ್ಕ ಹುಟ್ಟಿದ್ದು ನಡುಮನೆಯಲ್ಲಿ, ಅವಳು ಇಂಗ್ಲಿಷರವಳು. ಜಗಳ ಬಂದಾಗ ನಾನು ಅವಳನ್ನು ಬಿಳೀ ದೊರೆಸಾನಿ ಎಂದು ಹಂಗಿಸುತ್ತಿದ್ದೆ, ಅವಳು ನನ್ನ ಕಿವಿ ಹಿಂಡಿ ಹೊಸ್ತಿಲಿನಾಚೆ ದಬ್ಬುತ್ತಿದ್ದಳು. ದಂಡಿನಲ್ಲಿ ನಾಯಿ ಸಾಕಿದರೆ ಕೊರಳಿಗೆ ಸರ್ಕಾರದ ಬಿಲ್ಲೆ ಕಟ್ಟಬೇಕಾಗಿತ್ತು. ನಾಯಿ ಹಿಡಿಯುವವರು ಬಂದರೆಂದರೆ ನಾನು ನಮ್ಮ ಕರಿಯನನ್ನು ತಬ್ಬಿಕೊಂಡು ಅಡುಗೆಮನೆಗೆ ಓಡಿ, ಇದು ಮಹಾರಾಜರ ನಾಯಿ ಎಂದು ಕೂಗುತ್ತಿದ್ದೆ. ಒಲೆಯ ಮುಂದೆ ನಾಯಿ ಬಂದದ್ದಕ್ಕೆ ಅಮ್ಮ ಸೌದೆ ಎತ್ತುತ್ತಿದ್ದಳು. ಅಪ್ಪ ಅಮ್ಮನ ಜಗಳಗಳೂ ಹೊಸ್ತಿಲಿನ ಲೆಕ್ಕದಲ್ಲೇ ನಡೆಯುತ್ತಿದ್ದವು. ಅಪ್ಪ ನಡುಮನೆಯಲ್ಲಿ ನಿಂತು ಗದರಿದರೆ ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೊಸ್ತಿಲಿನಾಚೆಯಿಂದ ಉತ್ತರ ಕೊಡುತ್ತಿದ್ದಳು.

"ಅಲ್ಲೇ ನಿಂತ್ಕೊಂಡು ಎಷ್ಟ್ ಬೇಕಾದ್ರೂ ಕೂಗಿ. ಇದು ಮಹಾರಾಜ್ರ ಸೀಮೆ. ನಿಮ್ ಜಬರ್ದಸ್ತು ಇಲ್ಲಿ ನಡೆಯಲ್ಲ."

"ಉಣ್ಣಕ್ಕೆ ಆಚೆ ಬರಲ್ವ ನೀನು?"

"ಉಣ್ಣೋದು ಇಲ್ಲೇ ಇರೋದು. ಬರ್ಬೇಕಾದೋರು ನೀವು."

ಅಪ್ಪನಿಗೆ ಅಲ್ಲಿಗೆ ನಗು ಬಂದುಬಿಡುತ್ತಿತ್ತು. ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಪರದೇಶಕ್ಕೆ ಹೋಗುವವನಂತೆ ಹೊಸ್ತಿಲು ದಾಟಿ ಬಂದು ಮುದ್ದೆಯ ಮುಂದೆ ಕೂರುತ್ತಿದ್ದ.

ನಮ್ಮ ಮನೆಯವರಿಗೆ ನಮ್ಮ ಗಡಿ ಗೊತ್ತಿತ್ತು ಎಂದುಕೊಂಡಿದ್ದೆವು, ಮಿಕ್ಕ ಗಡಿಗಳೆಲ್ಲ ಗೋಜಲು. ಊರವರೂ ಅಷ್ಟೇ. ಪೇಟೆಯ ಕಡೆಯವರು ನಮ್ಮನ್ನು ಕಂಡರೆ ದಂಡಿನವರು, ಇವರಿಗೆ ಕನ್ನಡ ಬರುತ್ತದೋ ಇಲ್ಲವೋ ಎಂದು ತಮಿಳಿನಲ್ಲಿ ಶುರು ಮಾಡುತ್ತಿದ್ದರು. ಹಲಸೂರಿನ ಸಂತೆಯಲ್ಲಿ ತಮಿಳಿನವರು ನಮ್ಮನ್ನು ಮೈಸೂರಿನವರು ಎನ್ನುತ್ತಿದ್ದರು, ಮೈಸೂರು ಯಾವ ದಿಕ್ಕಿನಲ್ಲಿದೆ ಎಂದು ನಮಗೆ ತಿಳಿಯದು. ಈಗಿನ ಶಿವಾಜಿನಗರವನ್ನು ಆಗ ನಾವು ಬ್ಲಾಕ್‌ಪಳ್ಳಿ ಎನ್ನುತ್ತಿದ್ದೆವು. ಅಲ್ಲಿಗೆ ಅಪ್ಪ ಮೂಲಂಗಿ ಹಾಕುತ್ತಿದ್ದ, ಅಲ್ಲಿನ ಸಾಬರು ಮನೆಯಲ್ಲಿ ದಖ್ಖನಿ ಉರ್ದು ಆಡುವುದನ್ನು ಕೇಳಿ ಅದು ನಿಜಾಮನ ಊರಿಗೆ ಸೇರಿದ್ದು ಎಂದು ನಮ್ಮಜ್ಜಿ ಸಾಯುವವರೆಗೂ ನಂಬಿದ್ದಳು. ಕೃಷ್ಣರಾಜಪುರದ ಮೇಲೆ ಮದ್ರಾಸಿನ ರೈಲು ಹೋಗುತ್ತದೆ, ಆದ್ದರಿಂದ ಆ ಸ್ಟೇಷನ್ನು ಮದ್ರಾಸಿನವರದು. ಕೋಲಾರದ ಚಿನ್ನದ ಗಣಿಯಲ್ಲಿ ಬಿಳಿಯರು ಇದ್ದಾರೆ, ಆದ್ದರಿಂದ ಕೋಲಾರ ವಿಲಾಯತಿ. ಎರಡೂ ಮಹಾರಾಜರ ಸೀಮೆಯೇ ಎಂದು ಹೇಳಿದವರ ಜೊತೆ ಅಜ್ಜಿ ಮಾತು ಬಿಡುತ್ತಿದ್ದಳು. ಭಾಷೆ ಕೇಳಿ, ಟೋಪಿ ನೋಡಿ, ರೈಲಿನ ಹೆಸರು ನೋಡಿ ನಾವು ದೇಶ ಹಂಚುತ್ತಿದ್ದೆವು.

ಲಚ್ಚಕ್ಕನಿಗೆ ಹೊಸೂರಿನಾಚೆಯ ಒಂದು ಹಳ್ಳಿಯಿಂದ ಸಂಬಂಧ ಬಂದಾಗ ಈ ಗೋಜಲು ಮನೆಯೊಳಕ್ಕೇ ಬಂತು. ಹೊಸೂರು ಮದ್ರಾಸು ಸರ್ಕಾರಕ್ಕೆ ಸೇರಿದ್ದು. ನೋಡಲು ಬಂದವನು ಹುಡುಗನ ಸೋದರಮಾವ ಪಿಳ್ಳಪ್ಪ. ದೊಡ್ಡ ಮೀಸೆ, ದೊಡ್ಡ ದನಿ, ನಮ್ಮ ಹಾಗೇ ಕನ್ನಡ. ಅಜ್ಜಿಗೆ ತಡೆಯಲಾಗಲಿಲ್ಲ.

"ನಿಮ್ ಮನೆಗಂಟ ಸಮುದ್ರದ ನೀರು ಬತ್ತದಾ, ಇಲ್ಲ ದೂರದಲ್ಲೇ ನಿಂತ್ಕತದಾ?"

"ಯಾವ ಸಮುದ್ರ ಅಜ್ಜಿ? ನಮ್ಗೆ ಕುಡಿಯೋ ನೀರಿಗೇ ಬಾವಿ ಇಳೀಬೇಕು."

"ಮದ್ರಾಸು ಅಂದ್ರಲ್ಲಪ್ಪ."

"ಸರ್ಕಾರ ಮದ್ರಾಸು, ಊರು ಊರೇ. ನಿಮ್ ದಂಡೂ ಇಂಗ್ಲಿಷ್ರದ್ದು, ನಮ್ ಮದ್ರಾಸೂ ಇಂಗ್ಲಿಷ್ರದ್ದು. ಅಂದ್ಮೇಲೆ ನಾವೂ ನೀವೂ ಒಂದೇ ಸರ್ಕಾರದೋರು ಬಿಡಿ!"

"ನಾವು ಮಹಾರಾಜ್ರೋರು," ಎಂದು ಅಡುಗೆಮನೆಯಿಂದ ಅಮ್ಮ ಕೂಗಿದಳು.

ಪಿಳ್ಳಪ್ಪ ಹೊಸ್ತಿಲನ್ನೂ ನಮ್ಮನ್ನೂ ನೋಡಿ ತಲೆ ಕೆರೆದುಕೊಂಡ. ಅವನಿಗೆ ಬೇಡಿಕೆಗಳಿರಲಿಲ್ಲ, ಒಂದನ್ನು ಬಿಟ್ಟು. ಎರಡನೇ ಮಹಾಯುದ್ಧ ನಡೆಯುತ್ತಿತ್ತು, ಎಲ್ಲೆಲ್ಲೂ ಅಕ್ಕಿಗೆ ಕಾಟ, ಮದುವೆಗಳಲ್ಲಿ ಮುದ್ದೆ ಉಂಡು ಬರುತ್ತಿದ್ದರು. ಬಂದವರಿಗೆ ಒಂದು ಹೊತ್ತು ಅನ್ನದ ಊಟ ಹಾಕಿ, ಮಿಕ್ಕದ್ದು ಏನೂ ಕೇಳಲ್ಲ, ಆದರೆ ಅನ್ನ ತಪ್ಪಿದರೆ ನಮ್ಮ ಕಡೆಯವರ ಮುಂದೆ ನಾನು ತಲೆಯೆತ್ತುವ ಹಾಗಿಲ್ಲ, ಹುಡುಗನನ್ನು ಎಬ್ಬಿಸಿಕೊಂಡು ಹೋಗಬೇಕಾಗುತ್ತದೆ ಅಂದ. ಅಪ್ಪ ಬಾಯಿ ತೆರೆಯುವ ಮೊದಲೇ ಬಾಗಿಲ ಸಂದಿಯಿಂದ ಲಚ್ಚಕ್ಕ, "ಹಾಕ್ತೀವಿ," ಅಂದುಬಿಟ್ಟಳು. ಮದುವೆಯ ಹೆಣ್ಣು ಹಾಗೆ ಮಾತಾಡುವುದುಂಟೇ! ಅಮ್ಮ ಅವಳ ಜಡೆ ಹಿಡಿದು ಒಳಗೆ ಎಳೆದುಕೊಂಡಳು.

ಆದರೆ ಅಕ್ಕ ಆಡಿದಂತೆ ಮಾಡಿದಳು. ಆ ಸಲ ಕೆರೆಯ ಕೆಳಗಿನ ತುಂಡು ಗದ್ದೆಗೆ ಆಳು ಕರೆಯಬೇಡಿ ಎಂದು ತಾನೇ ಇಳಿದಳು. ಪೈರು ನೆಟ್ಟವಳು ಅವಳು, ಕಳೆ ಕಿತ್ತವಳು ಅವಳು, ಹಕ್ಕಿ ಓಡಿಸಲು ತಗಡು ಬಡಿದವಳು ನಾನು. ಕೊಯ್ದು ಬಡಿದು ತೂರಿ ವಾಡೆ ತುಂಬಿದ ದಿನ ಅಕ್ಕ ಅದರ ಹೊಟ್ಟೆಗೆ ಕಿವಿಯಿಟ್ಟು, ಬಸುರಿಯನ್ನು ನೋಡುವಂತೆ ಮುಟ್ಟಿ ಮುಟ್ಟಿ ನೋಡಿದಳು. ಮಹಾರಾಜರ ಸೀಮೆಯ ಅಕ್ಕಿ ಪರ್ಮಿಟ್ಟಿಲ್ಲದೆ ದಂಡಿನೊಳಕ್ಕೆ ಬರಕೂಡದು ಎಂದು ಆಗ ಹುಕುಂ ಇತ್ತು. ನಮಗೇನು? ಗದ್ದೆ ಮಹಾರಾಜರದು, ಅಡುಗೆಮನೆ ಮಹಾರಾಜರದು, ವಾಡೆ ಅಡುಗೆಮನೆಯಲ್ಲಿದೆ.

ಮದುವೆಗೆ ನಾಲ್ಕು ದಿನವಿರುವಾಗ ಒನಕೆ ಶಾಸ್ತ್ರ. ಒನಕೆಗಳಿಗೆ ಅರಿಶಿನದ ಕೊನೆ ಕಟ್ಟಿ, ಐವರು ಮುತ್ತೈದೆಯರು ಹಿತ್ತಲಲ್ಲಿ ನಿಂತು ಹಾಡಿಕೊಂಡು ಭತ್ತ ಕುಟ್ಟುತ್ತಿದ್ದರು. ಮುಂದಿನ ಅಂಗಳದಲ್ಲಿ ಚಪ್ಪರ ಎದ್ದಿತ್ತು. ಪಿಳ್ಳಪ್ಪನೂ ಏರ್ಪಾಡು ನೋಡಿ ಹೋಗೋಣವೆಂದು ಬಂದು ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದ. ಮದುವೆಯ ಅನ್ನದ ಸುದ್ದಿ ಎಲ್ಲಿಯವರೆಗೆ ಹೋಗಿತ್ತೋ, ದಂಡಿನ ಕಡೆಯಿಂದ ಸೈಕಲ್ಲಿನಲ್ಲಿ ಖಾಕಿ ಟೋಪಿಯ ಮಾಣಿಕ್ಯಂ ಬಂದ. ಕಾಳಿನ ಇನ್‌ಸ್ಪೆಕ್ಟರ್ ಅವನು, ಸಣಕಲು, ಬೆವರುತ್ತಿದ್ದ. ಜೊತೆಗೆ, ಯಾಕಾದರೂ ಒಪ್ಪಿದೆನೋ ಎಂಬ ಮುಖ ಹೊತ್ತು, ಬಗಲಲ್ಲಿ ನಕ್ಷೆಯ ಸುರುಳಿ ಇಟ್ಟುಕೊಂಡು ಮಹಾರಾಜರ ಸೀಮೆಯ ಶಾನುಭೋಗರು.

"ಯಾರ್ ಮನೇಮ್ಮಾ ಇದು? ಅಕ್ಕಿ ಎಲ್ಲಿಂದ ಬಂತು?" ಎಂದ ಮಾಣಿಕ್ಯಂ.

"ನಮ್ ಗದ್ದೇದು ಸ್ವಾಮಿ," ಎಂದ ಅಪ್ಪ. "ಅಡುಗೆಮನೇಲಿದೆ. ಮಹಾರಾಜ್ರ ಸೀಮೇಲಿ."

"ಅಡುಗೆಮನೆ ಮಹಾರಾಜ್ರ ಸೀಮೇಂತ ಯಾರ್ ಹೇಳಿದ್ದು?"

ಅಪ್ಪ ಹೊಸ್ತಿಲು ತೋರಿಸಿದ. ಮಾಣಿಕ್ಯಂ ಹೊಸ್ತಿಲನ್ನು ನೋಡಿದ, ಶಾನುಭೋಗರನ್ನು ನೋಡಿದ. ಶಾನುಭೋಗರು ನೆಲದ ಮೇಲೆ ನಕ್ಷೆ ಬಿಡಿಸಿದರು. ನಾನು ಅವರ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಒಂದು ಗೆರೆ, ಗೆರೆಯ ಮೇಲೆ ಒಂದು ಕಲ್ಲಿನ ಗುರುತು, ಪಕ್ಕದಲ್ಲಿ ಒಂದು ಹುಣಸೇಮರ. ಹುಣಸೇಮರವನ್ನು ನಾವು ಯಾರೂ ಕಂಡದ್ದೇ ಇಲ್ಲ.

"ಇದ್ರಲ್ಲಿ ನಿಮ್ಮ ಮನೇನೇ ಇಲ್ವಲ್ಲಪ್ಪ," ಎಂದರು ಶಾನುಭೋಗರು. "ನಕ್ಷೆ ಬರೆದ ಮೇಲೆ ಕಟ್ಟಿರೋ ಮನೆ ಇದು. ಹೊಸ್ತಿಲಿಗೂ ಗಡಿಗೂ ಸಂಬಂಧ ಇಲ್ಲ. ಕಲ್ಲು ಎಲ್ಲಿದೆಯೋ ಅಲ್ಲೇ ಗಡಿ. ಇಲ್ಲೆಲ್ಲಾದ್ರೂ ಹಳೇ ಕಲ್ಲು ಇದೆಯೇನ್ರೀ?"

ಕಲ್ಲು ಎಂದರೆ ನಮಗೆ ಗೊತ್ತಿದ್ದದ್ದು ಒಂದೇ. ಎಲ್ಲರ ಕಣ್ಣೂ ಹಿತ್ತಲಿಗೆ ಹೋಯಿತು. ಬಾವಿಯ ಪಕ್ಕದ ಕಲ್ಲಮ್ಮ ನನ್ನ ಸೊಂಟದೆತ್ತರ ಇದ್ದಳು. ಶುಕ್ರವಾರ ಶುಕ್ರವಾರ ಅಜ್ಜಿ ಎಣ್ಣೆ, ಅರಿಶಿನ, ಕುಂಕುಮ ಮೆತ್ತಿ ಮೆತ್ತಿ ಅವಳಿಗೆ ಒಂದು ಬೆರಳು ದಪ್ಪದ ಚರ್ಮ ಬಂದಿತ್ತು. ಮಾಣಿಕ್ಯಂ ಅವಳ ಮುಂದೆ ನಿಂತು ಮೊದಲು ಟೋಪಿ ತೆಗೆದು ಕೈ ಮುಗಿದ. ಆಮೇಲೆ ಕೆರೆದು ನೋಡಬೇಕು ಅಂದ. ಅಜ್ಜಿ ಎರಡೂ ಕೈ ಚಾಚಿ ಅಡ್ಡ ನಿಂತಳು.

"ನಮ್ಮಮ್ಮನ್ನ ಮುಟ್ಟಿದ್ರೆ ನಿನ್ ಕೈಗೆ ಹುಳ ಬೀಳತ್ತೆ."

"ಕೆರೆಯೋದು ಬೇಡಜ್ಜಿ," ಎಂದರು ಜಾಣ ಶಾನುಭೋಗರು. "ಮದುವೆ ಮನೆ. ಅಮ್ಮನಿಗೂ ಒಂದು ಎಣ್ಣೆಸ್ನಾನ ಆಗ್ಬೇಡ್ವೆ? ನೀವೇ ಮಾಡಿಸಿ. ನಾವು ದೂರ ನಿಂತು ನೋಡ್ತೀವಿ."

ಅದಕ್ಕೆ ಅಜ್ಜಿ ಏನೆನ್ನುತ್ತಾಳೆ? ಮುತ್ತೈದೆಯರು ಒನಕೆ ಬಿಟ್ಟು ಬಿಸಿನೀರು ತಂದರು, ಸೀಗೆಪುಡಿ ತಂದರು, ಹಾಡು ಬದಲಾಯಿಸಿದರು. ನಾನೂ ಲಚ್ಚಕ್ಕನೂ ಉಜ್ಜಿದೆವು. ಕೆಂಪು ನೀರು, ಹಳದಿ ನೀರು, ಕರೀ ನೀರು ಹರಿದು ಹರಿದು, ಕೊನೆಗೆ ನಮ್ಮ ಕಲ್ಲಮ್ಮನ ಎದೆಯ ಮೇಲೆ ಒಂದು ಬಾಣದ ಗುರುತು ಎದ್ದಿತು. ಬಾಣದ ಕೆಳಗೆ ಇಂಗ್ಲಿಷ್ ಅಕ್ಷರಗಳು, ಕೊನೆಯ ಸಾಲು ನೆಲದ ಹತ್ತಿರ ಅರ್ಧಕ್ಕೆ ನಿಂತಿತ್ತು. ನನ್ನ ಕೈಯಲ್ಲಿ ಸೀಗೆಪುಡಿ ಹಾಗೇ ಉಳಿಯಿತು. ನಾವು ಇಷ್ಟು ವರ್ಷ ತೆಂಗಿನಕಾಯಿ ಒಡೆದದ್ದು ಸರ್ಕಾರದ ಗಡಿಕಲ್ಲಿಗೆ!

ಮಾಣಿಕ್ಯಂ ಕಲ್ಲಿನಿಂದ ಮನೆಯ ಕಡೆಗೆ ಕೈ ಬೀಸಿದ.

"ಕಲ್ಲು ಹಿತ್ತಲಲ್ಲಿದೆ. ಅಂದ್ರೆ ಮನೆ ಪೂರ್ತಿ ದಂಡು. ಅಡುಗೆಮನೇನೂ ದಂಡು. ಪರ್ಮಿಟ್ ಇಲ್ದೆ ಅಕ್ಕಿ ದಂಡಿನೊಳಗೆ ಬಂದಿದೆ. ನಾನೇನ್ ಮಾಡ್ಲಿಮ್ಮಾ? ಗಾಡಿ ಕರೆಸ್ತೀನಿ, ವಾಡೆ ಒಡೆದು ತಗೊಂಡ್ ಹೋಗ್ಬೇಕು."

ನಾನು ಮಹಾರಾಜರ ಪ್ರಜೆ ಅಲ್ಲವೆಂದು ನನಗೆ ಅಳು, ಅಕ್ಕಿ ಹೋಗುತ್ತದೆಂದು ಇನ್ನೊಂದು ಅಳು, ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆ ಹತ್ತಿತು. ಪಿಳ್ಳಪ್ಪ ಮೀಸೆ ಮುಟ್ಟಿಕೊಳ್ಳುತ್ತ ಅಪ್ಪನ ಮುಖ ನೋಡಲಾರದೆ ಬಾವಿಯೊಳಗೆ ನೋಡುತ್ತಿದ್ದ. ಅಕ್ಕ ಮಾತ್ರ ಅಳಲಿಲ್ಲ. ಅಡುಗೆಮನೆಗೆ ಹೋಗಿ ವಾಡೆಗೆ ಬೆನ್ನು ಕೊಟ್ಟು ನಿಂತಳು. ಹಿಂಬಾಗಿಲಿಂದ ನನಗೆ ಕಾಣುತ್ತಿತ್ತು. ಸೀಗೆಪುಡಿಯ ಕೈ, ಒದ್ದೆ ಸೆರಗು. ಅವಳು ಬೇರೆ ಯಾರನ್ನೂ ನೋಡುತ್ತಿರಲಿಲ್ಲ, ಅಜ್ಜಿಯನ್ನು ನೋಡುತ್ತಿದ್ದಳು. ಅಜ್ಜಿ ಕಲ್ಲಮ್ಮನ ಒದ್ದೆ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಕೈ ತೆಗೆಯದೆಯೇ ಅಂದಳು:

"ಈ ಅಮ್ಮ ಮೊದ್ಲು ಇಲ್ಲಿರ್ಲಿಲ್ಲ."

"ಏನವ್ವಾ ಅದು?" ಎಂದ ಅಪ್ಪ.

"ಮುಂದೆ ಇದ್ಲು. ದಾರಿ ಕಡೆ. ನಾನು ಮದ್ವೆ ಆಗಿ ಬಂದಾಗ ದಂಡಿನ ಸೋಲ್ಜರುಗಳು ಹೋಗ್ತಾ ಬರ್ತಾ ಅವ್ಳ ಮೇಲೆ ಬೂಟುಗಾಲು ಇಟ್ಕೊಂಡು ಲೇಸು ಕಟ್ಕೊಳ್ಳೋರು. ನನ್ ಕೈಲಿ ನೋಡಕ್ಕಾಗ್ಲಿಲ್ಲ. ಹಿತ್ಲಿಗೆ ಕರ್ಕೊಂಡ್ ಬನ್ನಿ, ಇಲ್ದಿದ್ರೆ ತೌರಿಗೆ ಹೋಗ್ತೀನಿ ಅಂತ ನಿಮ್ಮಪ್ಪನ ಜೊತೆ ಜಗಳ ಆಡ್ದೆ. ಮಧ್ಯಾಹ್ನ ಜನ ಊಟ ಮಾಡಿ ಮಲಗಿದ್ ಹೊತ್ನಲ್ಲಿ ಎತ್ತು ಕಟ್ಟಿ ಎಳೆಸಿದ್ರು."

ಶಾನುಭೋಗರು ತಲೆಯ ಮೇಲೆ ಕೈ ಹೊತ್ತುಕೊಂಡರು. ಎರಡು ಸರ್ಕಾರಗಳ ನಡುವಿನ ಗಡಿಯನ್ನು ಒಬ್ಬ ಸೊಸೆ, ತವರಿಗೆ ಹೋಗುತ್ತೇನೆಂದು ಹೆದರಿಸಿ, ಒಂದು ಮಧ್ಯಾಹ್ನ ಒಂದು ಮನೆಯುದ್ದ ಸರಿಸಿಬಿಟ್ಟಿದ್ದಳು!

"ಇವತ್ತು ಹಿಂಗ್ ಹೇಳಿದ್ರೆ ಯಾರ್ ನಂಬ್ತಾರಜ್ಜಿ?" ಎಂದ ಮಾಣಿಕ್ಯಂ. "ಸಾಕ್ಷಿ ಏನಿದೆ?"

ಆಗ ಅಜ್ಜಿಯ ಮುಖ ಹೇಗಾಯಿತೆಂದು ನಾನು ಬರೆಯಲಾರೆ. ಅವಳು ಪಿಳ್ಳಪ್ಪನನ್ನು ನೋಡಿದಳು, ಅಕ್ಕನನ್ನು ನೋಡಿದಳು. ಕೊನೆಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಸೆರಗಿನೊಳಗಿಂದಲೇ ಹೇಳಿದಳು.

"ಎಳೆಯೋವಾಗ ಅಮ್ಮ ಮುರಿದ್ಲು. ಅರ್ಧ ಬಂದ್ಲು. ಬುಡ ಅಲ್ಲೇ ಉಳೀತು. ಅದ್ರ ಮೇಲೆ ಮಣ್ಣು ಎಳೆದು ಜಗಲಿ ಮೆಟ್ಲು ಹಾಕ್ಸಿದ್ರು."

ಒನಕೆ ಬಿಟ್ಟು ಬಂದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಡೆದ ವಿಗ್ರಹಕ್ಕೆ ಪೂಜೆಯಿಲ್ಲ. ಒಡೆದ ದೇವರಿರುವ ಮನೆಯಲ್ಲಿ ಶುಭ ನಡೆಸುವುದಿಲ್ಲ, ಅಂಥ ಮನೆಯ ಹೆಣ್ಣನ್ನು ತರುವುದಿಲ್ಲ. ಅದಕ್ಕೇ ಅಜ್ಜಿ ಇಷ್ಟು ವರ್ಷ ಅಷ್ಟು ದಪ್ಪಗೆ ಎಣ್ಣೆ ಅರಿಶಿನ ಮೆತ್ತಿದ್ದಳು, ಬುಡದ ಸುತ್ತ ಮಣ್ಣು ಏರಿಸುತ್ತಿದ್ದಳು, ಬೇರೆ ಯಾರನ್ನೂ ಪೂಜೆಗೆ ಬಿಡುತ್ತಿರಲಿಲ್ಲ. ಸುಮ್ಮನಿದ್ದರೆ ಅಕ್ಕಿ ಹೋಗುತ್ತಿತ್ತು. ಬಾಯಿ ಬಿಟ್ಟದ್ದಕ್ಕೆ ಈಗ ಮದುವೆಯೇ ಹೋಗಬಹುದು.

ಎಲ್ಲರೂ ಮುಂಬಾಗಿಲಿಗೆ ಓಡಿದೆವು. ಅಪ್ಪ ಹಾರೆ ತಂದು ಮೆಟ್ಟಿಲಿನ ಚಪ್ಪಡಿ ಎಬ್ಬಿಸಿದ, ಪಿಳ್ಳಪ್ಪ ಇನ್ನೊಂದು ತುದಿ ಹಿಡಿದ. ಕೆಳಗೆ ಮಣ್ಣು, ಇರುವೆ, ಇನ್ನಷ್ಟು ಮಣ್ಣು. ಹಾರೆ ಟಣ್ ಅಂದಿತು. ನಾನು ಕೈಯಿಂದ ಬಗೆದೆ. ಮುರಿದ ಮುಖ, ಅದರ ಕೆಳಗೆ ಅರ್ಧ ಸಾಲು ಇಂಗ್ಲಿಷ್. ಶಾನುಭೋಗರು ಹಿತ್ತಲಿಗೆ ಹೋಗಿ ಕಾಗದದಲ್ಲಿ ಮೇಲಿನ ಅರ್ಧ ಬರೆದುಕೊಂಡು ಬಂದು ಇದರ ಪಕ್ಕ ಹಿಡಿದರು. ಅಕ್ಷರಗಳು ಒಂದಕ್ಕೊಂದು ಕೂತವು.

"ಬುಡ ನಡೆದಾಡಲ್ಲ," ಎಂದರು ಶಾನುಭೋಗರು. "ಗಡಿ ಇದೇ. ಮೆಟ್ಟಿಲಿಂದ ಒಳಗೆ ಪೂರ್ತಿ ಮಹಾರಾಜರ ಸೀಮೆ. ಜಗಲಿ, ನಡುಮನೆ, ಅಡುಗೆಮನೆ ಎಲ್ಲ!"

ಅಮ್ಮ ಕಿರುಚಿದಳು, ಸಂತೋಷಕ್ಕೆ. ಲಚ್ಚಕ್ಕ ಬಿಳೀ ದೊರೆಸಾನಿ ಅಲ್ಲವೇ ಅಲ್ಲ! ಆದರೆ ಪಿಳ್ಳಪ್ಪ ಇನ್ನೂ ಮಣ್ಣಿನ ಕೈಯಲ್ಲಿ ಗುಂಡಿಯ ಮುಂದೆ ಕೂತಿದ್ದ.

"ಅಜ್ಜಿ, ಮುರಿದ ದೇವ್ರನ್ನ ಇಟ್ಕೊಂಡು ನಮ್ಗೆ ಹೆಣ್ಣು ಕೊಡ್ತಿದ್ರಾ?"

ಉತ್ತರ ಕೊಟ್ಟವಳು ಅಕ್ಕ. ಕುಂಕುಮದ ಬಟ್ಟಲು ಹಿಡಿದುಕೊಂಡು ಬಂದು, ಗುಂಡಿಯ ಅಂಚಿನಲ್ಲಿ ಮಂಡಿಯೂರಿ, ಬುಡದ ಕಲ್ಲಿಗೆ ಅರಿಶಿನ ಹಚ್ಚಿ ಕುಂಕುಮವಿಟ್ಟಳು. ಪಿಳ್ಳಪ್ಪನನ್ನು ನೆಟ್ಟಗೆ ನೋಡಿದಳು.

"ಮುರಿದಿಲ್ಲ ಮಾವ. ಇಬ್ರಾಗಿದಾಳೆ. ಹಿತ್ಲಲ್ಲಿರೋಳು ಅಕ್ಕ, ಇವ್ಳು ತಂಗಿ. ಇಷ್ಟ್ ವರ್ಷ ಇವ್ಳಿಗೆ ಪೂಜೆ ಇಲ್ದೇನೇ ನಮ್ಮನೆ ಕಾಯ್ದಿದಾಳೆ. ಇನ್ಮೇಲೆ ಇಬ್ರಿಗೂ ಮಾಡ್ತೀವಿ. ನಿಮ್ಮೂರಲ್ಲಿ ಅಕ್ಕತಂಗೀರು ದೇವ್ರುಗಳಿಲ್ವ?"

ಪಿಳ್ಳಪ್ಪ ಅವಳನ್ನು ನೋಡಿದ, ಕಲ್ಲನ್ನು ನೋಡಿದ. ಆಮೇಲೆ ಮಣ್ಣಿನ ಕೈಯಲ್ಲೇ ಮೀಸೆ ತಿರುವಿ ಮುಖವೆಲ್ಲ ಕೆಂಪಗೆ ಮಾಡಿಕೊಂಡು ನಗಲು ಶುರು ಮಾಡಿದ.

"ಏಳು ಜನ ಇದಾರೆ ಕಣಮ್ಮ! ಏಳು ಜನ ಅಕ್ಕತಂಗೀರು! ನಿಮ್ದು ಎರಡೇ? ಅಯ್ಯೋ, ಇಂಥ ಬಾಯಿ ಇರೋಳು ನಮ್ಮನೇಗ್ ಬಂದ್ರೆ ಅತ್ತೆಯಾಗೋ ನಮ್ಮಕ್ಕನ ಗತಿ ಏನಪ್ಪಾ!"

ನಾವೆಲ್ಲ ನಕ್ಕೆವು, ಅತ್ತೆವು, ಹೆಂಗಸರು ಒನಕೆಗೆ ಓಡಿದರು. ನಗದೇ ಉಳಿದವನು ಮಾಣಿಕ್ಯಂ ಒಬ್ಬನೇ. ಅವನು ಮೆಟ್ಟಿಲಿನ ಆಚೆ ನಿಂತು ಅಂಗಳವನ್ನು ನೋಡುತ್ತಿದ್ದ.

"ಎಲ್ಲ ಸರಿ. ಮನೆ ಮಹಾರಾಜ್ರದ್ದು. ಆದ್ರೆ ಚಪ್ಪರ ಅಂಗಳದಲ್ಲಿದೆ. ಅಂಗಳ ದಂಡು. ಬೇಯಿಸಿದ್ರೂ ಅಕ್ಕಿ ಅಕ್ಕೀನೇ. ಅನ್ನ ಈ ಮೆಟ್ಲು ದಾಟಿ ಚಪ್ಪರಕ್ಕೆ ಬರೋ ಹಂಗಿಲ್ಲ."

"ಅನ್ನ ಬರಲ್ಲ ಕಣಪ್ಪ," ಎಂದಳು ಅಮ್ಮ. ಅಂಥ ಗೆಲುವು ಅವಳ ದನಿಯಲ್ಲಿ ನಾನು ಮತ್ತೆಂದೂ ಕೇಳಲಿಲ್ಲ. "ಉಣ್ಣೋರು ಬರ್ತಾರೆ."

ಹಾಗೇ ಆಯಿತು. ತಾಳಿ ಕಟ್ಟಿದ್ದು ಇಂಗ್ಲಿಷರ ಚಪ್ಪರದಲ್ಲಿ, ಊಟ ಹಾಕಿದ್ದು ಮಹಾರಾಜರ ಮನೆಯಲ್ಲಿ. ಮಾಣಿಕ್ಯಂ ಬೆಳಿಗ್ಗೆಯೇ ಬಂದು ಮೆಟ್ಟಿಲಿಗೆ ಅಡ್ಡಲಾಗಿ ಒಂದು ಹಗ್ಗ ಕಟ್ಟಿಸಿ, ಅದರ ತುದಿಯನ್ನು ನನ್ನ ಕೈಗೆ ಕೊಟ್ಟು, ಒಳಕ್ಕೆ ಹೋಗುವವರನ್ನು ಬಿಡು, ಒಂದು ಅಗುಳೂ ಆಚೆ ಬರಬಾರದು ಅಂದ. ಹೊಸ ಲಂಗ, ಕೈಯಲ್ಲಿ ಗಡಿ! ನಾನು ಹಗ್ಗ ಬಿಗಿಹಿಡಿದು ನಿಂತೆ. ಹೊಸೂರಿನವರು, ಹಲಸೂರಿನವರು, ಅಪ್ಪನ ಮೂಲಂಗಿ ಕೊಳ್ಳುತ್ತಿದ್ದ ಬ್ಲಾಕ್‌ಪಳ್ಳಿಯವರು, ಎಲ್ಲರೂ ನನ್ನ ಹಗ್ಗದಡಿ ತಲೆ ಬಗ್ಗಿಸಿಯೇ ಒಳಗೆ ಹೋದರು. ಜಗಲಿ ತುಂಬಿತು, ನಡುಮನೆ ತುಂಬಿತು, ಹಿತ್ತಲಲ್ಲಿ ದೊಡ್ಡ ಕಲ್ಲಮ್ಮನ ಸುತ್ತ ಎಲೆ ಬಿದ್ದವು. ಹೊರಗೆ ಬರುವವರ ಬೆರಳು ನೋಡಿ, ಕೈ ತೊಳೆದು ಬನ್ನಿ ಎಂದು ನಾನು ನಾಲ್ಕಾರು ಜನ ಹಿರಿಯರನ್ನು ವಾಪಸ್ಸು ಕಳಿಸಿದೆ. ಪಿಳ್ಳಪ್ಪನ ಎಲೆಗೆ ಮೂರನೇ ಸಲ ಅನ್ನ ಬಿದ್ದಾಗ ಅವನು ತನ್ನ ಕಡೆಯವರೆಲ್ಲರ ಮುಂದೆ ತಲೆಯೆತ್ತಿ, ಇದು ನಮ್ಮ ಸೊಸೆ ನೆಟ್ಟ ಭತ್ತ ಎಂದು ಕೂಗಿ ಹೇಳಿದ. ಬಿಸಿಲು ಏರಿತು. ಮಾಣಿಕ್ಯಂ ಆಚೆಯೇ ನಿಂತಿದ್ದ. ಅಜ್ಜಿ ಮೆಟ್ಟಿಲಿನವರೆಗೆ ಬಂದಳು.

"ಎಷ್ಟೊತ್ತು ನಿಂತ್ಕತೀಯಪ್ಪ? ಬಾ, ಉಣ್ಣು."

"ಡ್ಯೂಟಿ ಅಜ್ಜಿ."

"ಅಕ್ಕಿ ತಾನೆ ದಾಟ್ಬಾರ್ದು? ನೀನ್ ದಾಟ್ಬೋದಲ್ಲ."

ಅವನು ಸ್ವಲ್ಪ ಯೋಚಿಸಿ, ಟೋಪಿಯನ್ನು ಚಪ್ಪರದ ಕಂಬಕ್ಕೆ ಸಿಕ್ಕಿಸಿ, ನನ್ನ ಹಗ್ಗದಡಿ ನುಸುಳಿ ಬಂದು ಅಜ್ಜಿ ತೋರಿಸಿದ ಎಲೆಯ ಮುಂದೆ ಕೂತ. ಅವನ ಹಸಿವು ನೋಡಿ ಅಮ್ಮನಿಗೇ ಕಣ್ಣಲ್ಲಿ ನೀರು ಬಂತು. ಉಂಡು, ಕೈ ತೊಳೆದು, ಮತ್ತೆ ಆಚೆ ಹೋಗಿ ಟೋಪಿ ಹಾಕಿಕೊಂಡು ನಿಂತ.

ಹೊತ್ತು ಇಳಿಯುವಾಗ ಅಕ್ಕನನ್ನು ಕಳಿಸಿಕೊಡುವ ಹೊತ್ತಾಯಿತು. ದಾರಿಯಲ್ಲಿ ಕಮಾನು ಕಟ್ಟಿದ ಗಾಡಿ ಕಾದಿತ್ತು. ತವರು ಬಿಟ್ಟು ಹೊರಡುವವಳಿಗೆ ಮಡಿಲು ತುಂಬಬೇಕು. ಅಮ್ಮ ವಾಡೆಯೊಳಗೆ ಕೈಯಿಳಿಸಿ, ಕುಟ್ಟಿ ತುಂಬಿಸಿದ್ದ ಅಕ್ಕಿಯನ್ನು ಬೊಗಸೆ ಬೊಗಸೆ ತೆಗೆದು, ಕೊಬ್ಬರಿ ಬೆಲ್ಲದ ಜೊತೆ ಅಕ್ಕನ ಸೆರಗಿನಲ್ಲಿ ಸುರಿದು ಗಂಟು ಹಾಕಿದಳು. ಆ ಗಂಟು ಹೊತ್ತು ಅಕ್ಕ ಅಳುತ್ತ ಜಗಲಿಗೆ ಬಂದಳು, ಮೆಟ್ಟಿಲಿನ ಮೇಲೆ ನಿಂತಳು. ಆಗ ನಮಗೆಲ್ಲ ಒಟ್ಟಿಗೆ ಹೊಳೆಯಿತು. ಅಮ್ಮನ ಅಳು ನಿಂತಿತು. ಓಲಗದವರು ಊದುವುದು ನಿಲ್ಲಿಸಿದರು. ಮಾಣಿಕ್ಯಂ ಅಕ್ಕನ ಮಡಿಲನ್ನೇ ನೋಡುತ್ತಿದ್ದ.

"ಸೆರಗಲ್ಲಿ ಏನಮ್ಮಾ?"

"ನಾನು ನೆಟ್ಟಿದ್ದು," ಎಂದಳು ಅಕ್ಕ. ಗಂಟು ಬಿಚ್ಚಲಿಲ್ಲ, ಮುಚ್ಚಿಕೊಳ್ಳಲೂ ಇಲ್ಲ.

ಅವನು ಟೋಪಿ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ. ದಾರಿಯ ಕಡೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ನಾನು ಯಾರಮ್ಮಾ ಇಲ್ಲಿ? ಹಗ್ಗ ನಿನ್ ಕೈಲಿದೆ. ಗಡಿ ಕಾಯೋಳು ನೀನು. ಏನ್ ಮಾಡ್ತೀಯ ನೋಡು."

ಅಷ್ಟು ಜನರ ಮುಂದೆ, ಎರಡು ಸರ್ಕಾರಗಳ ನಡುವೆ, ನಾನು ತುದಿಗಾಲಿನ ಮೇಲೆ ನಿಂತು, ತೋಳು ನೋಯುವಷ್ಟು ಎತ್ತರಕ್ಕೆ ಹಗ್ಗ ಎತ್ತಿ ಹಿಡಿದೆ. ಅಕ್ಕ ತಲೆ ಬಗ್ಗಿಸದೆ, ಒಂದು ಕಾಳೂ ಉದುರದಂತೆ ಮಡಿಲನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ದಂಡಿನೊಳಕ್ಕೆ ಇಳಿದು ಹೋದಳು.